ಏಳನೇ ಫಾರಂ

ಜೂನ್ 4

ಅಂಟು,

ಇದು ನಾಲ್ಕನೇ ಕಾಗದ. ಹಿಂದಿನ ಮೂರಕ್ಕೆ ನೀನು ಬರೆದ ಉತ್ತರಗಳನ್ನೆಲ್ಲ ಸೇರಿಸಿದರೂ ಒಂದು ಅಂಚೆಚೀಟಿಯ ಹಿಂಬದಿ ತುಂಬುವುದಿಲ್ಲ. ಚೆನ್ನಾಗಿದ್ದೇನೆ, ಊಟ ಪರವಾಗಿಲ್ಲ, ಚಳಿ ಜಾಸ್ತಿ. ಹವಾಮಾನ ಕೇಳೋದಕ್ಕೆ ನನಗೆ ರೇಡಿಯೋ ಇದೆ ಕಣೋ.

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಮೇಜಿನ ಖಾನೆಯಲ್ಲಿ ಬಿಟ್ಟುಹೋದ ನಿನ್ನ ಫೋನು ಅಲ್ಲೇ ಇದೆ, ದಾರದ ಉಂಡೆಗಳ ಪಕ್ಕದಲ್ಲಿ. ಮುಟ್ಟಬೇಡ ಅಂದಿದ್ದೆಯಲ್ಲ, ಮುಟ್ಟಿಲ್ಲ. ಧೂಳು ಒರೆಸಿದ್ದು ಮುಟ್ಟಿದ ಲೆಕ್ಕವಲ್ಲ ಎಂದುಕೊಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಪ್ರತಿ ಸೋಮವಾರ ಫೋನಿನಲ್ಲಿ ಕಂತು ಕಂತಾಗಿ ಬರುವ ನಮ್ಮ ಲಿಫ್ಟಿನ ಅಜ್ಜಿಯ ಚಿತ್ರಕಥೆಗಳಲ್ಲಿ ಹೊಸದಾದ ‘ನಲವತ್ತೊಂದನೇ ಮಹಡಿ’ ಕಥೆ ಹೋದ ಸೋಮವಾರ ಮುಗಿಯಿತು. ನೀನು ಬಿಟ್ಟದ್ದು ಅದರ ಹಿಂದಿನ ಕಥೆಯ ಕೊನೆಯ ಕಂತಿಗೆ, ನೆನಪಿದೆಯಾ? ನಲವತ್ತೇ ಮಹಡಿಯ ಕಟ್ಟಡ, ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಜನರನ್ನು ಹತ್ತಿಸಿ ಇಳಿಸುವ ಅಜ್ಜಿ, ಆಕೆಯ ತೊಡೆಯ ಮೇಲೆ ಬಾಗಿಲಿಗೆ ಕಾಲು ಸಿಕ್ಕಿಸಿಕೊಂಡ ಬೆಕ್ಕು, ಕಾಲಿಗೆ ಬಿಳಿ ಬ್ಯಾಂಡೇಜು. ಕೊನೆಯ ಚಿತ್ರದಲ್ಲಿ ಇಲ್ಲದ ಮಹಡಿಯ ಗುಂಡಿ, 41, ತಾನಾಗಿ ಬೆಳಗಿತ್ತು. ಅಲ್ಲಿಂದ ಮುಂದಿನದನ್ನೆಲ್ಲ ನಾನೊಬ್ಬಳೇ ಓದಿದೆ. ಅಷ್ಟೂ ಸೋಮವಾರ ಚಹಾ ತಣ್ಣಗಾಯಿತು, ಜಗಳವಾಡಲು ಪಕ್ಕದಲ್ಲಿ ಒಂದು ಪ್ರಾಣಿಯಿಲ್ಲ. ಇಷ್ಟು ವರ್ಷದಲ್ಲಿ ಆ ಕಥೆಗಾರರು ಬರೆದದ್ದರಲ್ಲಿ ಇದೇ ಚೆಂದ. ನೀನು ಓದಲೇಬೇಕು.

ಫೋನು ಹಿಡಿಯುವುದಿಲ್ಲ ಎಂದು ಶಪಥ ಮಾಡಿದ್ದೀಯ, ಸರಿ. ಕಾಗದದ ಮೇಲೆ ಶಪಥ ಮಾಡಿಲ್ಲವಲ್ಲ? ಇಡೀ ಕಥೆಯನ್ನು ಅಚ್ಚು ಹಾಕಿ, ಹೊಲಿದು, ರಟ್ಟು ಕಟ್ಟಿ ಕಳಿಸುತ್ತೇನೆ. ಕಥೆ ಬರೆಯುವವರಿಗೇ ಕಾಗದ ಬರೆದು ಕೇಳಿದೆ. ‘ತಮ್ಮನಿಗಾಗಿ ಒಂದೇ ಪ್ರತಿ ತಾನೇ, ಮಾಡ್ಕೊಳಿ’ ಅಂದರು.

ಬೈಂಡಿಂಗ್ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಅಪ್ಪ ಆರಾಮಾಗಿದ್ದಾರೆ. ನಿನ್ನನ್ನು ಕೇಳುತ್ತಿರುತ್ತಾರೆ.

ಅಕ್ಕ


ಜೂನ್ 19

ಅಕ್ಕಾ,

ಕಳಿಸಬೇಡ.

ನೀನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದೀಯ, ಗೊತ್ತು. ಆದರೆ ಆ ಬೆಕ್ಕು, ಆ ಬ್ಯಾಂಡೇಜು ಎಂದು ನೀನು ಬರೆದ ಸಾಲಿಗೇ ಕಾಗದ ಮಡಿಸಿಟ್ಟೆ. ನಾನು ಆ ಚಿತ್ರ ನೋಡುತ್ತಿದ್ದಾಗಲೇ ಅಲ್ಲವೇ ಕಾಗದ ಕತ್ತರಿಸುವ ಕಟಿಂಗ್ ಮೆಷಿನ್ನಿನ ಹಿಡಿ ಎಳೆದದ್ದು.

ನಿನಗೆ ಗೊತ್ತಿರುವ ನಿಯಮವನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ದಿನಕ್ಕೆ ಹತ್ತು ಸಲ ನನ್ನ ತಲೆಯಲ್ಲಿ ಅದೇ ತಿರುಗುತ್ತದೆ. ಅಲಗಿನ ಕೆಳಗೆ ಕೈ ಹಾಕುವವರು ‘ಕೈ’ ಅನ್ನಬೇಕು. ತೆಗೆದ ಮೇಲೆ ‘ಖಾಲಿ’ ಅನ್ನಬೇಕು. ಆಮೇಲೆ ಹಿಡಿ ಎಳೆಯಬೇಕು. ಮೂವತ್ತು ವರ್ಷದಲ್ಲಿ ಅಪ್ಪ ಒಂದು ಸಲವೂ ಸುಮ್ಮನೆ ಕೈ ಹಾಕಿದವರಲ್ಲ. ಅವತ್ತೂ ‘ಕೈ’ ಅಂದಿರುತ್ತಾರೆ. ನನ್ನ ಕಣ್ಣು, ಕಿವಿ, ಬುದ್ಧಿ ಎಲ್ಲ ಫೋನಿನೊಳಗೆ ಹೋಗಿತ್ತು. ಅಪ್ಪನ ಎಡಗೈಯ ಎರಡು ಬೆರಳು ಅರ್ಧಕ್ಕೆ ನಿಂತವು. ನನಗೆ ಆ ಪುಸ್ತಕ ಬೇಡ.

ಇಲ್ಲಿ ನನ್ನ ಕೆಲಸಕ್ಕೆ ಅಲಗಿಲ್ಲ, ಹಿಡಿಯಿಲ್ಲ. ಸುರಂಗಕ್ಕೆ ಇಳಿಯುವವರಿಗೆ ಬೂಟು, ಹೆಲ್ಮೆಟ್ಟು, ಟಾರ್ಚು ಕೊಟ್ಟು ಬರೆದುಕೊಳ್ಳುವುದು, ಸಂಜೆ ವಾಪಸ್ ಎಣಿಸಿಕೊಳ್ಳುವುದು. ತಗಡಿನ ಶೆಡ್ಡು. ಯಾರ ಕೈಗೂ ನನ್ನಿಂದ ಏನೂ ಆಗುವುದಿಲ್ಲ.

ಇನ್ನೊಂದು ವಿಷಯ. ಈ ಸುರಂಗ ಮುಗಿಯುತ್ತ ಬಂತು. ಕಂಪನಿ ಮುಂದಿನದಕ್ಕೆ ಹೋಗುತ್ತದೆ. ಇಲ್ಲಿಂದ ನಾಲ್ಕು ದಿನದ ದಾರಿಯಂತೆ, ಕಾಗದ ತಲುಪಲು ತಿಂಗಳು ಬೇಕಂತೆ. ಮೂರು ವರ್ಷದ ಕರಾರು, ನಡುವೆ ರಜೆಯಿಲ್ಲ. ಆಗಸ್ಟ್ 31ರೊಳಗೆ ಸಹಿ ಹಾಕಬೇಕು. ಹಾಕೋಣ ಎಂದುಕೊಂಡಿದ್ದೇನೆ.

ಅಪ್ಪ ನನ್ನನ್ನು ಏನೆಂದು ಕೇಳುತ್ತಾರೆ? ಅವರ ಮಾತನ್ನು ಇದ್ದ ಹಾಗೆಯೇ ಬರೆ.

ಅಂಟು


ಜುಲೈ 2

ಅಂಟು,

ಮೂರು ವರ್ಷವಂತೆ. ಬೂಟು ಎಣಿಸಲು ಮೂರು ವರ್ಷ. ಆ ಸಾಲು ಓದಿ ಎದ್ದು ಅಂಗಡಿಯ ಸುತ್ತ ನಾಲ್ಕು ಸಲ ತಿರುಗಿದೆ, ಐದನೇ ಸಲ ಅಂಟಿನ ಡಬ್ಬಿಗೆ ಕಾಲು ತಾಗಿ ಚೆಲ್ಲಿತು. ಒರೆಸಿದ್ದು ನಾನೇ.

ಪುಸ್ತಕ ಕಳಿಸಿದ್ದೇನೆ. ಈ ಕಾಗದಕ್ಕಿಂತ ಮೊದಲು ನಿನ್ನ ಶೆಡ್ಡಿಗೆ ತಲುಪಿದರೂ ತಲುಪಬಹುದು. ಬೇಡವೆಂದರೆ ಬೂಟಿನ ಕೆಳಗೆ ಇಟ್ಟುಕೋ, ನನಗೇನು.

ಆದರೆ ಅದನ್ನು ಮಾಡಲು ಪಟ್ಟ ಪಾಡನ್ನು ಕೇಳಲೇಬೇಕು. ಫೋನಿನಲ್ಲಿ ಕಥೆ ಹೆಬ್ಬೆರಳಿನ ಹಿಂದೆಯೇ ಕೆಳಗಿಳಿಯುತ್ತದೆ. ಕಾಗದಕ್ಕೆ ಹೆಬ್ಬೆರಳಿನ ಗೊಡವೆಯೇ ಇಲ್ಲ, ಅದಕ್ಕೆ ಅಂಚು ಬೇಕು, ತಿರುವು ಬೇಕು. ಉದ್ದದ ಪಟ್ಟಿಯನ್ನು ಎಲ್ಲಿ ತುಂಡು ಮಾಡಲಿ ಎಂದು ವಾರವೆಲ್ಲ ತಲೆ ಕೆಡಿಸಿಕೊಂಡೆ. ಒಂದು ಕಡೆ ದೀಪ ಆರಿದ ಲಿಫ್ಟು ಕೆಳಗೆ ಇಳಿಯುತ್ತಲೇ ಇರುತ್ತದೆ, ಫೋನಿನಲ್ಲಿ ಹನ್ನೊಂದು ಸಲ ಬೆರಳು ಜಾರಿಸಿದರೂ ಬರೀ ಕಪ್ಪು. ಪುಸ್ತಕದಲ್ಲಿ ನಾಲ್ಕು ಪುಟ ಪೂರ್ತಿ ಕಪ್ಪು ಬಿಟ್ಟೆ. ಶಾಯಿ ಸಾಕಾಗದೆ ಪ್ರಿಂಟರು ಮುಷ್ಕರ ಹೂಡಿತು.

ಒಟ್ಟು ಎಂಟು ಫಾರಂ, ಒಂದೊಂದು ಮಡಿಕೆಗೆ ಹದಿನಾರು ಪುಟ. ಪುಟದ ಅಂಕಿ ಎಲ್ಲಿ ಎಂದು ಹಂಗಿಸಬೇಡ. ಚಿತ್ರಗಳು ಅಂಚಿನವರೆಗೂ ಹರಡಿವೆ, ಅಂಕಿಗೆ ಜಾಗವಿಲ್ಲ. ಪ್ರತಿ ಫಾರಂನ ಮೊದಲ ಪುಟದಲ್ಲಿ, ಒಳಮೂಲೆಗೆ, ಹೊಲಿಗೆಗೆ ತಾಗಿದ ಹಾಗೆ ಸಾಸಿವೆಯಷ್ಟು ಅಂಕಿ ಹಾಕಿದ್ದೇನೆ, ಜೋಡಿಸಲು ಅನುಕೂಲಕ್ಕೆ. ಮಡಿಸಿದ್ದು ನಾನು, ಜೋಡಿಸಿದ್ದು ನಾನು, ಹೊಲಿದದ್ದೂ ನಾನೇ.

ಅಪ್ಪ? ಅಪ್ಪನಿಗೆ ಇದೆಲ್ಲ ‘ಗೊಂಬೆ ಕಥೆ’. ಹಾಳೆಗಳು ಮೇಜಿನ ಮೇಲೆ ಹರಡಿದ್ದಾಗ ಬಂದು ನಿಂತರು. ಒಂದೊಂದನ್ನೇ ಎತ್ತಿ ನೋಡಿದರು, ಶಾಯಿ ಒಣಗಿದೆಯೋ ಇಲ್ಲವೋ ಎಂದು ಇರಬೇಕು. ಆಮೇಲೆ ಇದ್ದಕ್ಕಿದ್ದ ಹಾಗೆ, “ಬೆಕ್ಕಿನ ಕಾಲು ವಾಸಿ ಆಯ್ತಾ?” ಅಂದರು. “ಯಾವ ಬೆಕ್ಕಪ್ಪ?” ಅಂದೆ. “ಏನಿಲ್ಲ ಬಿಡು” ಅಂತ ಹೊರಟೇಹೋದರು. ಅಂಗಡಿ ಮೆಟ್ಟಿಲ ಮೇಲೆ ಬಂದು ಮಲಗುವ ಬೂದು ಬೆಕ್ಕು ಇರಬೇಕು. ಅದಕ್ಕೇನೂ ಆಗಿಲ್ಲ, ಹಾಲು ಕುಡಿದು ಗುಂಡಗಾಗಿದೆ. ಅಪ್ಪನಿಗೆ ವಯಸ್ಸಾಗುತ್ತಿದೆ ಕಣೋ.

ನಿನ್ನನ್ನು ಏನೆಂದು ಕೇಳುತ್ತಾರೆ ಅಂದೆಯಲ್ಲ. ಎಲ್ಲ ತಂದೆಯರೂ ಕೇಳುವ ಹಾಗೆ ಕೇಳುತ್ತಾರೆ. ಅದನ್ನೆಲ್ಲ ಬರೆದಿಟ್ಟುಕೊಳ್ಳಲು ನಾನೇನು ಗುಮಾಸ್ತೆಯೇ?

ಸಹಿ ಹಾಕಬೇಡ. ಓದು ಮೊದಲು.

ಅಕ್ಕ


ಜುಲೈ 21

ಅಕ್ಕಾ,

ಓದಿದೆ.

ಬೂಟಿನ ಪೆಟ್ಟಿಗೆಗಳ ಜೊತೆ ಲಾರಿಯಲ್ಲಿ ಬಂತು. ನಾಲ್ಕು ದಿನ ಒಂಬತ್ತನೇ ನಂಬರಿನ ಬೂಟುಗಳ ಸಾಲಿನಲ್ಲೇ ಇಟ್ಟಿದ್ದೆ. ನೋಡದೆ ಓಡಾಡಿದೆ, ಓಡಾಡುತ್ತಲೇ ನೋಡಿದೆ. ಭಾನುವಾರ ಬೆಳಿಗ್ಗೆ ಸಿಮೆಂಟ್ ಚೀಲಗಳ ಮೇಲೆ ಕೂತು ಬಿಚ್ಚಿದೆ. ಮೊದಲು ಮೂಸಿದೆ. ನಮ್ಮ ಅಂಗಡಿಯ ಅಂಟಿನ ವಾಸನೆ. ಹದಿನೈದು ನಿಮಿಷ ಮುಂದಕ್ಕೆ ಹೋಗಲಾಗಲಿಲ್ಲ.

ಫೋನಿನಲ್ಲಿ ಓದುವಾಗ ಕಥೆ ಎಷ್ಟು ಉಳಿದಿದೆಯೆಂದು ಗೊತ್ತಾಗುತ್ತಿರಲಿಲ್ಲ. ಇಲ್ಲಿ ಬಲಗೈಯಲ್ಲಿ ಹಾಳೆಗಳು ತೆಳ್ಳಗಾಗುತ್ತ ಬಂದ ಹಾಗೆ ತಿರುಗಿಸುವುದನ್ನು ನಿಧಾನ ಮಾಡಿದೆ. ಸೋಮವಾರಕ್ಕೆ ಕಾಯುವ ಮಾತಿಲ್ಲ, ನಿಲ್ಲಿಸುವವರು ಯಾರೂ ಇಲ್ಲ, ನಾನೇ ನಿಲ್ಲಿಸಬೇಕು. ನೀನು ಬಿಟ್ಟ ನಾಲ್ಕು ಕಪ್ಪು ಪುಟಗಳನ್ನು ಒಂದೊಂದಾಗಿಯೇ ತಿರುಗಿಸಿದೆ, ಹಾರಿಸಲು ಧೈರ್ಯವಾಗಲಿಲ್ಲ. ಮೂರನೆಯದರಲ್ಲಿ ನನ್ನ ಹೆಬ್ಬೆರಳಿನ ಗುರುತು ಮೂಡಿದೆ.

ಆ ಹೊತ್ತಿಗೆ ಕಿವಿಗೆ ಉಸಿರು ತಾಗಿತು. ತಿರುಗಿದರೆ ನಮ್ಮ ಕ್ಯಾಂಪಿನ ಅಡುಗೆಯವರು, ಸೌಟು ಹಿಡಿದುಕೊಂಡೇ ನಿಂತು ಹೆಗಲ ಮೇಲಿಂದ ಓದುತ್ತಿದ್ದಾರೆ. ಯಾವಾಗಿನಿಂದಲೋ ಏನೋ. “ಅಷ್ಟು ಬೇಗ ತಿರುಗಿಸ್ಬೇಡ, ನಂದಿನ್ನೂ ಆಗಿಲ್ಲ” ಅಂದರು. ಅವತ್ತು ಬೇಳೆ ತಳ ಹಿಡಿಯಿತು. ಬೈಗುಳ ತಿಂದದ್ದು ಅವರು, ಅದನ್ನು ಉಂಡದ್ದು ನಾವೆಲ್ಲ.

ಕೊನೆಯ ಭಾಗದ ಬಗ್ಗೆ ಹೇಗೆ ಬರೆಯಲಿ. ಅಜ್ಜಿ ಯಾರಿಗೂ ಹೇಳದೆ ಕೀಲಿಗೊಂಚಲನ್ನು ಮೊಳೆಗೆ ತಗುಲಿಹಾಕಿ 41 ಒತ್ತುತ್ತಾಳೆ. ಬಾಗಿಲು ಮುಚ್ಚುತ್ತದೆ. ಲಿಫ್ಟು ಖಾಲಿಯಾಗಿ ಕೆಳಗೆ ಬರುತ್ತದೆ, ಸ್ಟೂಲಿನ ಮೇಲೆ ಬೆಕ್ಕು ಮಾತ್ರ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬಲಗೈಯಲ್ಲಿ ಇನ್ನೂ ಒಂದಿಷ್ಟು ಹಾಳೆ ಉಳಿದಿತ್ತು. ತಿರುಗಿಸಿದರೆ ಕಾವಲುಗಾರನ ಗೂಡು. ಅಜ್ಜಿ ಬಂದು ನಿಂತಿದ್ದಾಳೆ. ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾನೆ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಅವಳ ಕೈಗೆ ಕೊಡುತ್ತಾನೆ. ಬೆಕ್ಕು ಮಧ್ಯೆ ಮಲಗುತ್ತದೆ. ಅಷ್ಟೂ ಪುಟದಲ್ಲಿ ಒಂದು ಮಾತಿಲ್ಲ. ಎಲ್ಲಿಗೆ ಹೋಗಿದ್ದೆ, ಯಾಕೆ ಹೋದೆ, ಯಾವ ಮುಖ ಹೊತ್ತುಕೊಂಡು ಬಂದೆ ಎಂದು ಅವನು ಕೇಳುವುದೇ ಇಲ್ಲ.

ಅಕ್ಕಾ, ನಾನು ಅತ್ತೆ. ಅಡುಗೆಯವರು ಸೌಟನ್ನು ನೋಡುತ್ತ ನಿಂತರು.

ಹೀಗೂ ವಾಪಸ್ ಬರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನಾನು ಮನೆಗೆ ಬರುವುದನ್ನು ನೆನೆಸಿಕೊಂಡಾಗಲೆಲ್ಲ ಮೊದಲು ಬರುತ್ತಿದ್ದದ್ದು ಅಪ್ಪನ ಪ್ರಶ್ನೆಗಳು. ಆಸ್ಪತ್ರೆಯಿಂದ ಅವರು ಮನೆಗೆ ಬರುವ ಹಿಂದಿನ ದಿನ ಕಾಲು ಕಿತ್ತವನು ನಾನು. ಏನೂ ಕೇಳದೆ ಒಂದಿಷ್ಟು ಸರಿದು ಕೂತರೆ ಸಾಕು, ನಾನು ಬಂದುಬಿಡುತ್ತೇನೆ. ಮ್ಯಾನೇಜರಿಗೆ ಹೇಳಿದೆ, ಸಹಿ ಹಾಕುವುದು ಅನುಮಾನ ಎಂದು. 31ರ ಮಧ್ಯಾಹ್ನ ಇಲ್ಲಿಂದ ಕೊನೆಯ ಲಾರಿ ಕೆಳಗೆ ಹೋಗುತ್ತದೆ. ಅದರಲ್ಲಿ ಬರುತ್ತೇನೆ.

ಒಂದು ಅನುಮಾನ. ಪುಸ್ತಕದ ಅಂಚು ಕಟಿಂಗ್ ಮೆಷಿನ್ನಿನದಲ್ಲ. ಕೈಚಾಕುವಿನ ಗೆರೆಗಳಿವೆ. ಯಾಕೆ? ನಿನಗೆ ಹೆದರಿಕೆಯೇ?

ಅಂಟು


ಜುಲೈ 30

ಅಂಟು,

ಕಾಗದ ತಲುಪಿತು. ಸಂತೋಷ.

ಬಾ. ಬರಬೇಡ ಎಂದು ನಾನು ಹೇಳುತ್ತೇನೆಯೇ? ಆದರೆ ಪುಸ್ತಕ ಓದಿ ಯಾರಾದರೂ ಕೆಲಸ ಬಿಡುತ್ತಾರಾ? ಇನ್ನೂ ಒಂದು ತಿಂಗಳಿದೆ, ನಿಧಾನವಾಗಿ ಯೋಚಿಸು. ಮ್ಯಾನೇಜರಿಗೆ ಖಂಡಿತವಾಗಿ ಏನೂ ಹೇಳಬೇಡ.

ಚಾಕುವಿನಲ್ಲಿ ಕತ್ತರಿಸಿದ್ದು ಸುಮ್ಮನೆ, ಒಂದೇ ಪುಸ್ತಕಕ್ಕೆ ಮೆಷಿನ್ ಯಾಕೆ ಅಂತ.

ಆ ಪುಸ್ತಕವನ್ನು ಒಂದು ವಾರದ ಮಟ್ಟಿಗೆ ವಾಪಸ್ ಕಳಿಸುತ್ತೀಯಾ? ಹೊಲಿಗೆ ಒಂದು ಕಡೆ ಸಡಿಲ ಬಿಟ್ಟಿರಬಹುದು ಎಂದು ಅನುಮಾನ. ಬಿಗಿ ಮಾಡಿ ಕಳಿಸುತ್ತೇನೆ.

ಇಲ್ಲಿ ಸೆಕೆ.

ಅಕ್ಕ


ಆಗಸ್ಟ್ 8

ಅಕ್ಕಾ,

ಸಾಮಾನ್ಯವಾಗಿ ನಿನ್ನ ಕಾಗದ ಬಿಚ್ಚಿದರೆ ನಿನ್ನ ಬಾಯಿಯ ಸದ್ದೇ ಕೇಳಿಸುತ್ತದೆ. ಈ ಸಲ ಹವಾಮಾನ ವರದಿ ಬಂದಿದೆ. ರೇಡಿಯೋ ನನ್ನ ಹತ್ತಿರವೂ ಇದೆ.

ಹೊಲಿಗೆ ಸಡಿಲವಾಗಿಲ್ಲ. ಆ ದಾರ ಕಟ್ಟಿ ಲಾರಿ ಎಳೆಯಬಹುದು. ಪುಸ್ತಕ ಕಳಿಸುವುದಿಲ್ಲ.

ನನಗೆ ಅರ್ಥವಾಯಿತು. ನೀನು ಅಪ್ಪನಿಗೆ ನಾನು ಬರುವ ವಿಷಯ ಹೇಳಿದ್ದೀಯ, ಅವರು ಬೇಡ ಅಂದಿದ್ದಾರೆ. ಅದನ್ನು ಬರೆಯಲು ನಿನಗೆ ಮನಸ್ಸಾಗಿಲ್ಲ. ತಪ್ಪಿಲ್ಲ. ಕಥೆಯ ಕಾವಲುಗಾರನಿಗೆ ಹತ್ತೂ ಬೆರಳಿದ್ದವು, ಸರಿದು ಕೂರುವುದು ಸುಲಭ.

ಕರಾರಿನ ಕಾಗದ ತಂದಿಟ್ಟುಕೊಂಡಿದ್ದೇನೆ. ಎರಡು ದಿನದಿಂದ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ನಿನ್ನೆ ಒಬ್ಬರಿಗೆ ಎರಡೂ ಎಡಗಾಲಿನ ಬೂಟು ಕೊಟ್ಟೆ. ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡು.

ಅಂಟು


ಆಗಸ್ಟ್ 14

ಅಂಟು,

ಬೈದುಕೋ, ಆದರೆ ಕೊನೆಯವರೆಗೆ ಓದು.

ಕಥೆಯಲ್ಲಿ ಅಜ್ಜಿ ವಾಪಸ್ ಬರುವುದಿಲ್ಲ.

ನಿನ್ನ ಜುಲೈ ಕಾಗದ ಓದಿದವಳೇ ಫೋನು ತೆಗೆದು ಮತ್ತೆ ಮೊದಲಿನಿಂದ ನೋಡಿದೆ. ಏಳನೇ ಫಾರಂ ಎಂಟರ ಜಾಗದಲ್ಲಿ ಸೇರಿದೆ, ಎಂಟು ಏಳರ ಜಾಗದಲ್ಲಿ. ಚಹಾ ಕುಡಿದದ್ದು ಮೊದಲು, ಹೋದದ್ದು ಆಮೇಲೆ. ಲಿಫ್ಟು ಖಾಲಿ ಬರುವುದೇ ಕೊನೆಯ ಚಿತ್ರ. ಕಾವಲುಗಾರ ಏನೂ ಕೇಳದಿದ್ದದ್ದು ದೊಡ್ಡ ಮನಸ್ಸಿನಿಂದಲ್ಲ ಕಣೋ. ಅವಳು ಹೋಗುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ದಿನಾ ಕುಡಿಯುವ ಹಾಗೆ ಅವತ್ತೂ ಕುಡಿದರು, ಅಷ್ಟೇ.

ತಪ್ಪು ನನ್ನದು. ಜೋಡಿಸಿದವಳು ನಾನು. ಬೈಂಡಿಂಗ್ ಅಂಗಡಿಯಲ್ಲಿ ಹುಟ್ಟಿ ಬೆಳೆದು, ಎಂಟು ಫಾರಂ ಸರಿಯಾಗಿ ಜೋಡಿಸಲು ಬರಲಿಲ್ಲ. ಪುಸ್ತಕ ವಾಪಸ್ ಕೇಳಿದ್ದು ಬಿಚ್ಚಿ ಸರಿಮಾಡಲು. ಆಮೇಲೆ ನೀನು ಓದಿದ್ದು ನಿನ್ನ ತಲೆಯಲ್ಲಿ ಇರುತ್ತದಲ್ಲ, ಅದನ್ನು ಹೇಗೆ ಬಿಚ್ಚಲಿ ಎಂದು ಹೊಳೆಯಿತು.

ಸುಮ್ಮನಿದ್ದುಬಿಡಬಹುದಿತ್ತು. ನೀನು ಲಾರಿ ಹತ್ತಿ ಬರುತ್ತಿದ್ದೆ, ನನಗೆ ಬೇಕಾದದ್ದೂ ಅದೇ. ಆದರೆ ಜೋಡಣೆಯ ತಪ್ಪೊಂದನ್ನು ನಂಬಿ ನೀನು ಬಾಗಿಲಿಗೆ ಬಂದು ನಿಂತು, ಇಲ್ಲಿ ಅಪ್ಪ ಎದ್ದು ಒಳಗೆ ಹೋಗಿಬಿಟ್ಟರೆ? ಆಗ ನೀನು ನಾಲ್ಕು ದಿನದ ದಾರಿಗಲ್ಲ, ಇನ್ನೂ ದೂರ ಹೋಗುತ್ತೀಯ. ನಿನ್ನನ್ನು ನಾನು ಬಲ್ಲೆ.

ಉಳಿದದ್ದನ್ನೂ ಕೇಳಿಬಿಡು. ಅಪ್ಪ ಬೇಡ ಅಂದಿಲ್ಲ. ಬಾ ಅಂತಲೂ ಅಂದಿಲ್ಲ. ನಿನ್ನ ಬಗ್ಗೆ ಒಂದು ಸಲವೂ ಕೇಳಿಲ್ಲ. ಕೇಳುತ್ತಾರೆ ಎಂದು ಬರೆದದ್ದೆಲ್ಲ ನನ್ನ ಕಟ್ಟುಕಥೆ. ನಿನ್ನ ಮಾತೆತ್ತಿದರೆ ಏನೋ ನೆನಪಾದವರ ಹಾಗೆ ಎದ್ದು ಹೋಗುತ್ತಾರೆ. ಕಟಿಂಗ್ ಮೆಷಿನ್ನಿನ ಮೇಲೆ ನೀನು ಹೋದ ದಿನದಿಂದ ಟಾರ್ಪಾಲು ಹೊದಿಸಿದೆ. ಯಾರೂ ಮುಟ್ಟುವ ಹಾಗಿಲ್ಲ. ಕತ್ತರಿಸಬೇಕಾದದ್ದನ್ನೆಲ್ಲ ನಾನು ಎರಡು ಬೀದಿಯಾಚೆಯ ಪ್ರೆಸ್ಸಿಗೆ ಹೊತ್ತುಕೊಂಡು ಹೋಗುತ್ತೇನೆ. ಒಂದಿಡೀ ವರ್ಷ ಹೊತ್ತು ನನ್ನ ಬಲಹೆಗಲು ಇಳಿಬಿದ್ದಿದೆ, ನೋಡಿ ನಗುವೆಯಂತೆ. ಅದನ್ನು ನೋಡಲಾದರೂ ಬರಬಹುದಲ್ಲವೇ ಎಂದು ಬರೆಯಲು ಹೊರಟೆ. ಬರೆಯುವುದಿಲ್ಲ. ಈಗ ನಿನಗೆ ನಿಜ ಗೊತ್ತು, ನೀನೇ ತೀರ್ಮಾನ ಮಾಡು.

ಅಕ್ಕ


ಆಗಸ್ಟ್ 20

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನವಾಯಿತು. ಪೆನ್ನಿನ ಮುಚ್ಚಳ ತೆಗೆದು ಕರಾರಿನ ಕೊನೆಯ ಹಾಳೆಯವರೆಗೂ ಹೋದೆ. ಆಮೇಲೆ ನೀನು ಹೇಳಿದ ಜಾಗವನ್ನು ಒಂದು ಸಲ ನೋಡಿಬಿಡೋಣ ಎಂದು ಪುಸ್ತಕ ತೆಗೆದೆ. ಹೊಲಿಗೆಯ ಹತ್ತಿರ ಎರಡೂ ಹೆಬ್ಬೆರಳಿಟ್ಟು ಅಗಲಿಸಿದೆ.

ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕವಳಿದ್ದಾಗಲೂ ಬರುತ್ತಿರಲಿಲ್ಲ.

ಒಂದನೆಯದಾಗಿ, ಈ ಹೊಲಿಗೆ ನಿನ್ನದಲ್ಲ. ನೀನು ದಾರದ ಕೊನೆಯನ್ನು ಎರಡು ಗಂಟು ಹಾಕಿ ಕತ್ತರಿಸುತ್ತೀಯ. ಇಲ್ಲಿ ಒಂದೇ ಗಂಟು, ದಾರದ ಬಾಲ ಒಳಗೆ ಸೇರಿಸಿ ಮೇಲೆ ಅಂಟು ಬಳಿದಿದೆ. ಹಾಗೆ ಮಾಡುವವರು ನನಗೆ ಗೊತ್ತಿರುವ ಹಾಗೆ ಒಬ್ಬರೇ. ನೀನು ಯಾಕೆ ಮುಚ್ಚಿಟ್ಟೆ ಎಂದೂ ಗೊತ್ತಾಯಿತು. ಆ ಕೈಯಲ್ಲಿ ಇನ್ನು ಸರಿಯಾಗಿ ಜೋಡಿಸಲೂ ಆಗುವುದಿಲ್ಲ ಎಂದು ನನಗೆ ಗೊತ್ತಾಗಬಾರದು. ಅಲ್ಲವೇ?

ಎರಡನೆಯದು. ಕೊನೆಯಿಂದ ಎರಡನೇ ಫಾರಂನ ಒಳಮೂಲೆಯಲ್ಲಿ ನೀನು ಅಚ್ಚು ಹಾಕಿದ 8 ಇದೆ. ಅದರ ಮೇಲೆ ಸೀಸದಕಡ್ಡಿಯ ಒಂದು ಅಡ್ಡಗೆರೆ, ಪಕ್ಕದಲ್ಲಿ ೭. ಕೊನೆಯ ಫಾರಂನಲ್ಲಿ ನಿನ್ನ 7ಕ್ಕೆ ಗೆರೆ, ಪಕ್ಕದಲ್ಲಿ ೮. ನಮ್ಮ ಅಂಗಡಿಯಲ್ಲಿ ಕನ್ನಡ ಅಂಕಿ ಬರೆಯುವವರು ಯಾರು, ನೀನೇ ಹೇಳು. ಕೈತಪ್ಪಿ ಜೋಡಿಸಿದವರು ಅಂಕಿ ತಿದ್ದಿ ಜೋಡಿಸುತ್ತಾರೆಯೇ?

ಮೂರನೆಯದು ನನ್ನನ್ನು ಕೂರಲು ಬಿಡುತ್ತಿಲ್ಲ. ಬೆಕ್ಕಿನ ಕಾಲು ವಾಸಿಯಾಯಿತೇ ಎಂದು ಅಪ್ಪ ಕೇಳಿದರಂತಲ್ಲ. ಅದು ಬೂದು ಬೆಕ್ಕಲ್ಲ ಅಕ್ಕಾ. ಈ ಪುಸ್ತಕದ ಯಾವ ಪುಟದಲ್ಲೂ ಬೆಕ್ಕಿನ ಕಾಲಿಗೆ ಬ್ಯಾಂಡೇಜು ಇಲ್ಲ. ಅದು ಇದ್ದದ್ದು ಹಿಂದಿನ ಕಥೆಯ ಕೊನೆಯ ಕಂತಿನಲ್ಲಿ, ಆ ಸೋಮವಾರ, ಮೆಷಿನ್ನಿನ ಅಂಚಿಗೆ ಒರಗಿಸಿಟ್ಟ ನನ್ನ ಫೋನಿನಲ್ಲಿ. ಅಪ್ಪ ಅದನ್ನು ಯಾವಾಗ ನೋಡಿದರು?

ನಾನು ಏನೇನೋ ಊಹಿಸಿಕೊಳ್ಳುತ್ತಿರಬಹುದು. ಒಂದು ತಪ್ಪು ಪುಸ್ತಕ ನಂಬಿ ಒಮ್ಮೆ ಕುಣಿದಾಗಿದೆ, ಮತ್ತೆ ಕುಣಿಯಲು ಭಯ. ಅಪ್ಪನನ್ನು ಕೇಳು. 31ರ ಮಧ್ಯಾಹ್ನದವರೆಗೆ ಕಾಯುತ್ತೇನೆ. ಉತ್ತರ ಬರದಿದ್ದರೆ ಸಹಿ.

ಅಂಟು


ಆಗಸ್ಟ್ 25

ಅಂಟು,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಬೆಟ್ಟದ ಕಡೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ, ಅಲ್ಲಿಂದ ನಿಮ್ಮ ಲಾರಿಯವರಿಗೆ ದಾಟಿಸುತ್ತಾರಂತೆ. ಡ್ರೈವರಿಗೆ ಮೂರು ಸಲ ಹೇಳಿದ್ದೇನೆ. “ನಾಲ್ಕನೇ ಸಲ ಹೇಳಿದ್ರೆ ತಗೊಂಡು ಹೋಗಲ್ಲ ನೋಡಿ” ಅಂದರು.

ಹೌದು, ಜೋಡಿಸಿ ಹೊಲಿದದ್ದು ಅಪ್ಪ. ನಾನು ಮಡಿಸಿಟ್ಟು ಪ್ರೆಸ್ಸಿಗೆ ಹೋಗಿ ಬರುವಷ್ಟರಲ್ಲಿ ದಬ್ಬಣ ಹಿಡಿದು ಕೂತಿದ್ದರು. ಎಡಗೈಯ ಮೊಂಡು ಬೆರಳಿನಲ್ಲಿ ಮಡಿಕೆ ಒತ್ತಿ ಹಿಡಿದು ಹೊಲಿಯುತ್ತಿದ್ದರು. ಆ ಅಪಘಾತ ಆದಮೇಲೆ ಅವರು ದಬ್ಬಣ ಮುಟ್ಟಿದ್ದು ಅದೇ ಮೊದಲು. ಅಂಚನ್ನು ಚಾಕುವಿನಲ್ಲಿ ಕತ್ತರಿಸಿದವರೂ ಅವರೇ. ಯಾರಿಗೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪು ಕಂಡಾಗ ಬೆರಳಿನ ದೆಸೆಯಿಂದಲೇ ಆಯಿತು ಎಂದುಕೊಂಡೆ. ಅದನ್ನು ನಿನಗೆ ಹೇಗೆ ಬರೆಯಲಿ? ನನ್ನ ತಲೆ ಮೇಲೆ ಹಾಕಿಕೊಂಡೆ.

ಇವತ್ತು ನಿನ್ನ ಕಾಗದ ಹಿಡಿದುಕೊಂಡು ಹೋಗಿ ಕೇಳಿದೆ.

“ಅಪ್ಪ, ಏಳು ಎಂಟು ಯಾಕೆ ಅದಲು ಬದಲಾಯ್ತು?”

“ಕನ್ನಡಕ ಹಾಕ್ಕೊಂಡಿರ್ಲಿಲ್ಲ.”

“ಕನ್ನಡಕ ಇಲ್ದೆ ಸಾಸಿವೆಯಷ್ಟು ಅಂಕಿ ಕಾಣಿಸ್ತಾ, ಅದರ ಪಕ್ಕ ತಿದ್ದಿ ಬರೆಯೋದಕ್ಕೆ?”

ಏಳಲು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತು ನಿನ್ನ ಕಾಗದವನ್ನು ಜೋರಾಗಿ ಓದಿದೆ. ಆಮೇಲೆ ಜೂನ್ ತಿಂಗಳಿನದನ್ನೂ ಓದಿದೆ, ‘ಅವತ್ತೂ ಕೈ ಅಂದಿರುತ್ತಾರೆ’ ಎಂದು ಬರೆದಿದ್ದೆಯಲ್ಲ, ಅದನ್ನು. ಆ ಸಾಲಿಗೆ ಅಪ್ಪ ವಾಪಸ್ ಕೂತರು. ತುಂಬಾ ಹೊತ್ತು ಟಾರ್ಪಾಲನ್ನೇ ನೋಡಿದರು. ನಾನು ಇಷ್ಟು ದಿನ ಅವರು ನಿನ್ನ ಮೇಲಿನ ಸಿಟ್ಟಿಗೆ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ ಕಣೋ. ಅವರ ಮುಖ ಸರಿಯಾಗಿ ನೋಡಿಯೇ ಇರಲಿಲ್ಲ.

“ಪೆನ್ನು ಕೊಡು” ಅಂದರು. ಕೆಳಗಿನದು ಅವರ ಅಕ್ಷರ. ನಾನು ಓದಿಲ್ಲ ಎಂದರೆ ನೀನು ನಂಬುವುದಿಲ್ಲ, ಓದಿದ್ದೇನೆ.

ಅಕ್ಕ


ಮಗನಿಗೆ,

ಆ ಸೋಮವಾರ ನಾನು ‘ಕೈ’ ಅನ್ನಲಿಲ್ಲ. ನಿನಗೆ ಕೇಳಿಸದೆ ಹೋದದ್ದಲ್ಲ, ನಾನು ಅನ್ನಲೇ ಇಲ್ಲ. ಕಾಗದದ ಅಂಚು ಸರಿಮಾಡುತ್ತ ನಿನ್ನ ಹೆಗಲ ಮೇಲಿಂದ ಫೋನಿನಲ್ಲಿ ಬೆಕ್ಕನ್ನು ನೋಡುತ್ತಿದ್ದೆ. ಅದಕ್ಕೂ ಹಿಂದೆ ಎಷ್ಟೋ ಸೋಮವಾರ ಹಾಗೆಯೇ ನೋಡಿದ್ದೇನೆ. ಗೊಂಬೆ ಕಥೆ ಎಂದು ಬೈದವನು, ಹೇಳಿಕೊಳ್ಳಲು ನಾಚಿಕೆಯಾಯಿತು. ಆಸ್ಪತ್ರೆಯಿಂದ ಬಂದು ಹೇಳೋಣವೆಂದರೆ ನೀನು ಹೋಗಿಬಿಟ್ಟಿದ್ದೆ. ಆಮೇಲೆ ದಿನ ಕಳೆದ ಹಾಗೆ ಬಾಯಿ ಬರಲಿಲ್ಲ.

ಹಾಳೆಗಳು ಮೇಜಿನ ಮೇಲಿದ್ದಾಗ ಪೂರ್ತಿ ಓದಿದೆ. ಆ ಕೊನೆ ನನಗೆ ಸರಿಬರಲಿಲ್ಲ. ಕನ್ನಡಕ ಹಾಕಿಕೊಂಡೇ ತಿದ್ದಿದೆ.

ಟಾರ್ಪಾಲು ತೆಗೆದಿದ್ದೇನೆ. ಅಲಗು ತುಕ್ಕು ಹಿಡಿದಿದೆ, ಒಬ್ಬನಿಂದ ಎತ್ತಲು ಆಗುವುದಿಲ್ಲ. ಲಾರಿ ಹತ್ತು. ಬಂದಾಗ ನಾನು ಏನೂ ಕೇಳುವುದಿಲ್ಲ, ನೀನೂ ಕೇಳಬೇಡ.

ಅಪ್ಪ